ಖಾಜಿಯವರ ದಫ್ತರದಲ್ಲಿ ಅಜ್ಜಿ

ಅಮ್ಮನ ತಂದೆಯ ಊರು ಮುಂಡರಗಿಯ ಹಳೆಯ ಉರ್ದು ನಿಕಾಹ ದಫ್ತರಗಳನ್ನು ಅಲ್ಲಿಯ ಖಾಜಿಯವರ ಮಗನಿಂದ ನಾಲ್ಕು ಸಲ ಓದಿಸಿ, ನಾಲ್ಕು ಸಲವೂ ಬರಿಗೈಯಲ್ಲಿ ಬಸ್ಸು ಹತ್ತಿದ್ದೆ. ಸಾಕುಸಾಕಾಗಿ ಹೋಗಿತ್ತು. ಮೊಣಕಾಲು ನೋವು ಬೇರೆ. ಆದರೆ ಗದಗಿನ ಮನೆಯ ಬಾಗಿಲಲ್ಲಿ ಅಮ್ಮ ಕಾಯುತ್ತಿರುತ್ತಿದ್ದಳು.

"ಸಿಕ್ತೇನೋ?"

"ಇಲ್ಲಮ್ಮಾ."

ಅವಳಿಗೆ ಬೇಕಾಗಿದ್ದು ಹೆತ್ತ ತಾಯಿಯ ಹೆಸರು. ಅಜ್ಜಿ ಬಾಣಂತನದಲ್ಲೇ ತೀರಿಕೊಂಡಿದ್ದಳಂತೆ. ವರ್ಷದೊಳಗೆ ಮಲತಾಯಿ ಬಂದಳು. ಆಮೇಲೆ ಸತ್ತವಳ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. 'ಶಿರಹಟ್ಟಿಯಾಕಿ' ಅನ್ನುತ್ತಿದ್ದರು, ಅಷ್ಟೇ. ಅಮ್ಮನ ಸ್ವಂತ ನಿಕಾಹ ಕಾಗದದಲ್ಲೂ ತಂದೆಯ ಹೆಸರೊಂದೇ ಇತ್ತು.

"ಇಷ್ಟು ವರ್ಷ ಸತ್ತ ತಾಯಿ ಆತ್ಮಕ್ಕಂತ ಹೆಸರಿಲ್ಲದ ಫಾತಿಹಾ ಓದಿಸೀನಿ. ನಾ ಹೋಗೋದರಾಗ ಒಮ್ಮೆರ ಹೆಸರು ಹಿಡದು ಓದಸ್ಬೇಕಪಾ" ಎಂದಿದ್ದಳು.

ಐದನೇ ಸಲ ಹೋದಾಗ ಮಗನ ಬದಲು ವಯಸ್ಸಾದ ಖಾಜಿಯವರೇ ಕೂತಿದ್ದರು.

"ಮಾಸ್ತರ್ರ, ನಿಮ್ಮ ಅಜ್ಜಿ ಯಾವೂರಾಕಿ?"

"ಶಿರಹಟ್ಟಿರೀ."

"ಮತ್ತ ಇಲ್ಲಿ ಯಾಕ ಹುಡಕಾಕತ್ತೀರಿ? ನಿಕಾ ಹೆಣ್ಣಿನ ಮನಿಯಾಗ ಆಗತೈತಿ. ಬರಿಯೋದೂ ಅಲ್ಲೇ."

ನನ್ನ ಮೇಲೆ ನನಗೇ ಸಿಟ್ಟು ಬಂತು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವನು ನಾನು. ನನ್ನ ನಿಕಾಹ ಆಗಿದ್ದೂ ಹೆಂಡತಿಯ ಊರು ಲಕ್ಷ್ಮೇಶ್ವರದಲ್ಲೇ. ಆದರೂ ಮನೆತನ ಅಂದ ಕೂಡಲೇ ತಲೆ ಗಂಡಸಿನ ಊರಿಗೆ ಓಡಿತ್ತು. ಥೂ ನನ್ನ!

ಶಿರಹಟ್ಟಿಯ ದಫ್ತರವನ್ನು ಅರ್ಧ ಹುಳ ತಿಂದಿದ್ದವು. ನನಗೆ ಉರ್ದು ಬಾರದು. ಅಲ್ಲಿಯ ಖಾಜಿಯವರು ಬೆರಳಿಟ್ಟು ಓದಿದರು. ವರನ ಹೆಸರು, ಅವನ ತಂದೆಯ ಹೆಸರು, ಊರು ಮುಂಡರಗಿ. ಎಲ್ಲ ನಮ್ಮ ಅಜ್ಜನದೇ. ಆಮೇಲೆ ವಧುವಿನ ಹೆಸರು ಓದಿದರು.

"ಇಲ್ರೀ, ಅದು ನಮ್ಮ ಅಮ್ಮನ ಹೆಸರು" ಎಂದೆ.

ಅವರು ಮತ್ತೆ ಓದಿದರು. ಅದೇ ಹೆಸರು.

"ತೀರಿಕೊಂಡಾಕಿ ಹೆಸರನ್ನ ಕೂಸಿಗೆ ಇಟ್ಟಿರಬೇಕ್ರಿ ನಿಮ್ಮ ಅಜ್ಜ" ಎಂದರು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತೆ. ಖುಷಿಯಾಗಬೇಕಿತ್ತು, ಆದರೆ ದಣಿವೇ ಹೆಚ್ಚಾಗಿತ್ತು. ಆ ಮನುಷ್ಯ ಮಗಳಿಗೆ ಒಂದು ಮಾತು ಹೇಳಿ ಸಾಯಬಾರದಿತ್ತೇ?

ಬಾಗಿಲಲ್ಲಿ ಅಮ್ಮ ಕೇಳಿದಳು, "ಸಿಕ್ತೇನೋ?"

ಹೇಳಿದೆ. ಅವಳು ಹೊಸ್ತಿಲ ಮೇಲೇ ಕೂತಳು.

"ನಮ್ಮಪ್ಪ ಒಂದ್ ದಿನಾನೂ ನನ್ನ ಹೆಸರು ಹಿಡದು ಕರೀಲಿಲ್ಲ ನೋಡು" ಎಂದಳು. "'ಏ ಹುಡುಗಿ' ಅಂತಿದ್ದ. ನನ್ನ ಮ್ಯಾಲ ಅಂವಗ ಪ್ರೀತಿ-ಮಾಯಾನ ಇಲ್ಲ ಅಂತ ತಿಳಕೊಂಡಿದ್ನೆಪಾ ನಾ."