ಗಡ್ಡೆ ಸುಡಲು ಎರಡು ದಾರಿ

ಸ್ವೀಡನ್ನಿನ ನಾರ್‌ಶೋಪಿಂಗ್‌ನ ಒಂದು ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ ನನ್ನ ಕೆಲಸ. ಚಳಿಗಾಲದಲ್ಲಿ ಹದಿನಾಲ್ಕು ಮಕ್ಕಳಿಗೆ ದಪ್ಪ ಓವರಾಲ್ ತೊಡಿಸಿ ಜಿಪ್ ಹಾಕಬೇಕು. ಬಗ್ಗಿದಾಗಲೆಲ್ಲ ಬಲ ಪಕ್ಕೆಯ ಕೆಳಗೆ ಏನೋ ಒತ್ತುತ್ತಿತ್ತು. ಗ್ಯಾಸ್ ಅಂದುಕೊಂಡೆ. ಎರಡು ತಿಂಗಳು ಜೀರಿಗೆ ನೀರು ಕುಡಿದೆ. ಆಮೇಲೆ ಸ್ಕ್ಯಾನ್ ಮಾಡಿಸಿದರು.

ಲಿವರ್ ಕ್ಯಾನ್ಸರ್.

ಜೀವಮಾನದಲ್ಲಿ ಒಂದು ಹನಿ ಹೆಂಡ ಮುಟ್ಟಿದವಳಲ್ಲ ನಾನು! ಚಿಕ್ಕಂದಿನಲ್ಲಿ ಯಾವಾಗಲೋ ಅಂಟಿದ ಹೆಪಟೈಟಿಸ್ ಬಿ ನನಗೆ ಗೊತ್ತೇ ಆಗದಂತೆ ಒಳಗೆ ಕೂತಿತ್ತಂತೆ. ಗಡ್ಡೆ ಮೂರು ಸೆಂಟಿಮೀಟರಿಗೆ ತುಸು ಕಡಿಮೆ, ಅದೂ ದೊಡ್ಡ ರಕ್ತನಾಳಕ್ಕೆ ಒತ್ತಿಕೊಂಡು. ಲಿವರ್ ಆಗಲೇ ಹಾಳಾಗಿದ್ದರಿಂದ ಕೊಯ್ದು ತೆಗೆಯುವಂತಿರಲಿಲ್ಲ. ಸೂಜಿ ಚುಚ್ಚಿ ಒಳಗೇ ಸುಡಬೇಕು. ಅದಕ್ಕೆ ಅಬ್ಲೇಶನ್ ಎನ್ನುತ್ತಾರೆ.

ನನ್ನವರು ಪಕ್ಕದ ಲಿನ್‌ಶೋಪಿಂಗ್‌ನಲ್ಲಿ ಎಂಜಿನಿಯರ್. ವಿಷಯ ಕೇಳಿ ಅವರು ಅಳಲಿಲ್ಲ. ಎಕ್ಸೆಲ್ ತೆರೆದು ಸುಡುವ ಮೂರು ವಿಧಾನ ಪಟ್ಟಿ ಮಾಡಿದರು. ಒಂದು ಸೂಜಿಯಲ್ಲಿ ವಿದ್ಯುತ್ ಹರಿಸಿ ಸುಡುವ ರೇಡಿಯೋಫ್ರೀಕ್ವೆನ್ಸಿ, ಗಡ್ಡೆಯ ಸುತ್ತ ಮೂರು ಸೂಜಿ ನೆಟ್ಟು ಮಾಡುವ ರೇಡಿಯೋಫ್ರೀಕ್ವೆನ್ಸಿ, ಮೈಕ್ರೋವೇವ್. ಊಟಕ್ಕೆ ಕೂತರೂ ಲ್ಯಾಪ್‌ಟಾಪ್. ನನಗೆ ಬೆನ್ನ ಮೇಲೆ ಒಂದು ಕೈ ಬೇಕಿತ್ತು. ಒಂದು ದಿನ ಸಿಟ್ಟು ನೆತ್ತಿಗೇರಿತು.

"ಎಂತ ಮಾರಾಯ್ರೆ, ನಾವು ವಾಷಿಂಗ್ ಮೆಶೀನ್ ತೆಗೊಳ್ಲಿಕ್ಕೆ ಹೊರಟದ್ದಾ, ಮೂರು ಮಾಡೆಲ್ ಇಟ್ಟು ನೋಡ್ಲಿಕ್ಕೆ?"

ಅವರು ಶೀಟಿಗೆ ಇನ್ನೊಂದು ಕಾಲಮ್ ಸೇರಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು, ನನಗಿಂತ ಸಣ್ಣ ಪ್ರಾಯದ ಹೆಂಗಸು, ಕಾಗದದಲ್ಲಿ ಚಿತ್ರ ಬಿಡಿಸಿ ವಿವರಿಸಿದರು. ಒಂದು ಸೂಜಿ ಸಾಲದು; ಹರಿಯುವ ರಕ್ತ ಶಾಖವನ್ನು ಎಳೆದುಕೊಂಡು ಹೋಗುತ್ತದೆ, ರಕ್ತನಾಳದ ಬದಿಗಿರುವ ಗಡ್ಡೆಯ ಅಂಚು ಬದುಕಿ ಉಳಿಯಬಹುದು. ಮೈಕ್ರೋವೇವ್‌ನ ಶಾಖ ಜೋರು, ರಕ್ತಕ್ಕೆ ಅಷ್ಟು ಜಗ್ಗುವುದಿಲ್ಲ. ಆದರೆ ಪಕ್ಕದಲ್ಲೇ ಪಿತ್ತನಾಳ ಇದೆ, ಅದಕ್ಕೆ ಬಿಸಿ ತಗುಲಿದರೆ ಇನ್ನೊಂದು ಆಪತ್ತು. ಮೂರು ಸೂಜಿಯದ್ದು ನಿಧಾನ, ಹಿಡಿತದಲ್ಲಿರುತ್ತದೆ. ಅಂಚು ಉಳಿಯುವ ಭಯ ಮಾತ್ರ ಪೂರ್ತಿ ಹೋಗುವುದಿಲ್ಲ.

"ನಮ್ಮ ತಂಡಕ್ಕೆ ಇವೆರಡೂ ಒಪ್ಪಿಗೆ. ನಿಮಗೆ ಯಾವುದು ಸರಿ ಅನಿಸುತ್ತದೆ?" ಎಂದು ಸ್ವೀಡಿಷಿನಲ್ಲಿ ನನ್ನನ್ನು ಕೇಳಿದರು.

ಬಾಯಿ ಹಾಕಿದ್ದು ನನ್ನವರು, ಇಂಗ್ಲಿಷಿನಲ್ಲಿ. ನಮ್ಮ ಕಡೆ ಎಲ್ಲರೂ ಕೇಳುವುದನ್ನೇ ಕೇಳಿದರು: "ನಿಮ್ಮ ಮನೆಯವರಿಗೇ ಆಗಿದ್ದರೆ ಯಾವುದು ಮಾಡಿಸುತ್ತಿದ್ದಿರಿ?"

"ನನ್ನ ಗಂಡನಿಗಾಗಿದ್ದರೆ ಅವನೇ ಆರಿಸುತ್ತಿದ್ದ," ಎಂದರು ಡಾಕ್ಟರು. ಮತ್ತೆ ನನ್ನ ಕಡೆ ತಿರುಗಿ ಕಾದರು.

ಊರಲ್ಲಾದರೆ ಡಾಕ್ಟರೇ ಇಂಥದ್ದು ಅನ್ನುತ್ತಾರೆ, ನಾವು ದೇವರ ಮೇಲೆ ಭಾರ ಹಾಕುತ್ತೇವೆ, ಕೆಟ್ಟರೆ ಇಬ್ಬರಿಗೂ ಶಾಪ ಹಾಕಬಹುದು. ಇಲ್ಲಿ ನಾನು ಸತ್ತರೆ ಆ ತಪ್ಪನ್ನೂ ನನ್ನ ಕೈಗೇ ಕೊಟ್ಟು ಕಳಿಸುತ್ತಾರಲ್ಲ ಅನಿಸಿತು. ಆ ಹೆಂಗಸಿನ ಮೇಲೆ ಹೇಳಲಾರದಷ್ಟು ಕೋಪ ಬಂತು. ಎರಡು ದಿನದಲ್ಲಿ ಫೋನ್ ಮಾಡುತ್ತೇನೆಂದು ಎದ್ದುಬಂದೆ.

ಕಾರಿನಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. "ನೀವೇ ಹೇಳಿ. ನಿಮ್ಮ ಶೀಟಿನಲ್ಲಿ ಯಾವುದು ಒಳ್ಳೇದುಂಟು?"

"ಮೂರು ವಾರದಿಂದ ನೋಡ್ತಾ ಇದ್ದೇನೆ. ಗೊತ್ತಾಗುದಿಲ್ಲ ಮಾರಾಯ್ತಿ."

"ಮತ್ತೆ ಎಂತಕ್ಕೆ ಅದರಲ್ಲೇ ಮುಳುಗಿದ್ದು?"

ಅವರು ಕಣ್ಣೊರೆಸಿಕೊಂಡರು. "ನಾನು ಆರಿಸಿದ್ರೆ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನನ್ನು ಬೈಬಹುದಲ್ಲ ನೀನು. ನಿನ್ನನ್ನು ನೀನೇ ಬೈಕೊಳ್ಳುದು ಬೇಡ ಅಂತ."

ಮದುವೆಯಾಗಿ ಇಪ್ಪತ್ತೆರಡು ವರ್ಷ. ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಮರುದಿನ ನಾನೇ ಫೋನ್ ಮಾಡಿ ಮೂರು ಸೂಜಿ ಎಂದೆ. ಪಿತ್ತನಾಳ ಸುಟ್ಟುಕೊಳ್ಳುವ ಧೈರ್ಯ ನನಗಿರಲಿಲ್ಲ. ಅಂಚು ಉಳಿದರೆ ಇನ್ನೊಮ್ಮೆ ಚುಚ್ಚಲು ನೋಡಬಹುದು ಎಂದು ಡಾಕ್ಟರು ಹೇಳಿದರು.

ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಗಡ್ಡೆ ಸತ್ತಿತ್ತು. ರಕ್ತನಾಳದ ಬದಿಯ ಅಂಚೂ ಸದ್ಯಕ್ಕೆ ಸ್ವಚ್ಛ ಕಾಣುತ್ತದೆ, ಆದರೆ ಭರವಸೆ ಕೊಡಲಾರೆ ಎಂದರು ಡಾಕ್ಟರು. ಆ ನೇರ ಮಾತಿಗೆ ಈಗ ಕೋಪ ಬರುವುದಿಲ್ಲ. ಮುಂದಿನ ಸ್ಕ್ಯಾನ್ ಬರುವ ಮಂಗಳವಾರ. ಸುಳ್ಳು ಯಾಕೆ ಹೇಳಲಿ, ಈಗಲೇ ದಿನ ಎಣಿಸುತ್ತಿದ್ದೇನೆ.

ಏನೇ ಬಂದರೂ ನಿಮ್ಮನ್ನೂ ಬೈಯುವುದಿಲ್ಲ, ನನ್ನನ್ನೂ ಬೈದುಕೊಳ್ಳುವುದಿಲ್ಲ ಎಂದು ನಿನ್ನೆ ನನ್ನವರಿಗೆ ಹೇಳಿದೆ.

"ನೀನು ಬೈಯದೆ ಇದ್ರೆ ನಂಗೆ ಹೆದ್ರಿಕೆ ಆಗ್ತದೆ," ಎಂದರು. "ಸ್ವಲ್ಪ ಬೈ ಮಾರಾಯ್ತಿ."