ಅಂಬಾಕಾಕುವಿನ ದ್ರಾಕ್ಷಾಸವ

ಬಾದಾಮಿಯ ನಮ್ಮ ಓಣಿಯಲ್ಲಿ ಕಟುಕರ ಅಂಗಡಿಯಿಂದ ಎಲುಬು ತರಿಸುತ್ತಿದ್ದ ಮಡಿ ಹೆಂಗಸು ಅಂಬಾಕಾಕು ಒಬ್ಬಳೇ. ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಎಳೆದುಕೊಂಡು, ಹಿತ್ತಲ ಬಾವಿಯ ಪಕ್ಕದ ದ್ರಾಕ್ಷಿ ಬಳ್ಳಿಯ ಬುಡಕ್ಕೆ ಗೊಬ್ಬರವೆಂದು ತಾನೇ ಅವನ್ನು ಹೂಳುತ್ತಿದ್ದಳು. ಹಿರಿಯರು ಬಂದು ಧರ್ಮ ಹೇಳಿದರೆ ಅವಳ ಉತ್ತರ ಸಿದ್ಧವಿತ್ತು.

"ಬಳ್ಳಿಗೆ ಮಡಿ ಇಲ್ರಿ. ಸೊಸಿ ಬಾಣಂತಿ ಆದಾಗ ಬಾಟ್ಲಿ ಒಯ್ಯಲಿಕ್ಕೆ ಬರ್ತೀರಲ್ಲ, ಆವಾಗ ಎಲುಬು ನೆನಪಾಗೂದಿಲ್ಲೇನು?"

ತೀರಿಹೋದ ವೈದ್ಯ ಗಂಡನಿಂದ ಅವಳು ಕಲಿತದ್ದು ಬಾಣಂತಿಯರಿಗೆ ಶಕ್ತಿ ಕೊಡುವ ದ್ರಾಕ್ಷಾಸವ. ಹಣ್ಣಿನ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು, ಮೆಣಸು ಬೆರೆಸಿ, ತುಪ್ಪ ಸವರಿದ ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಜೋಳದ ರಾಶಿಯಲ್ಲಿ ಹುಗಿಯುತ್ತಿದ್ದಳು. ದಿನಾ ಗಡಿಗೆಗೆ ಕಿವಿ ಹಚ್ಚುತ್ತಿದ್ದಳು. ಒಳಗೆ ಹುದುಗುವ ಸದ್ದಿದ್ದರೆ, "ಇನ್ನೂ ಮಾತಾಡ್ತದ." ಸದ್ದು ಪೂರ್ತಿ ನಿಂತ ಮೇಲೆಯೇ ತೆಗೆದು ಸೋಸಿ, ತೊಳೆದ ಹಳೆಯ ಔಷಧದ ಬಾಟಲಿಗಳಿಗೆ ತುಂಬಿ, ಬಿರಡೆ ಜಡಿದು, ಕರಗಿದ ಮೇಣದಲ್ಲಿ ಅದ್ದುತ್ತಿದ್ದಳು.

ಆಗ ಪಾನನಿಷೇಧದ ಕಾಲ. ಮೆಟ್ರಿಕ್ ಪಾಸಾದ ನಾನು ಬಾಗಲಕೋಟೆಯ ಅಬಕಾರಿ ಕಚೇರಿಯಲ್ಲಿ ಕಾರಕೂನ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸಾಹೇಬರನ್ನು ಮೆಚ್ಚಿಸಲು ಕಾಕುವಿನ ಗಡಿಗೆಯ ಸುದ್ದಿ ಹೇಳಿದವನು ನಾನೇ. ಮರುದಿನವೇ ಅವರು ನನ್ನನ್ನು ಕರೆದುಕೊಂಡು ಅವಳ ಮನೆಗೆ ಬಂದರು.

"ಏನ್ ಬಾಯಿ, ಸೆರಿ ಇಳಸ್ತೀರೇನು?"

"ಸೆರಿ ಅಲ್ರಿ, ಆಸವ."

"ಎರಡರಾಗೂ ನಶಾ ಇರ್ತದ."

"ಹಂಗಾದ್ರ ಒಂದು ಚಮಚ ಕುಡದು ಹೇಳ್ರಿ. ಕುಡದ್ರ ನಿಮ್ಮ ಕಾಯ್ದೆಕ್ಕ ನೀವ ಗುನ್ಹೇಗಾರ. ಕುಡೀಲಿಲ್ಲಂದ್ರ, ಸೆರಿ ಅಂತ ಯಾರ ಮ್ಯಾಲೆ ಆಣಿ ಇಟ್ಟು ಹೇಳ್ತೀರಿ?"

ಬಾಗಿಲಲ್ಲಿ ನೆರೆದಿದ್ದ ಓಣಿಯವರು ನಕ್ಕರು. ಸಾಹೇಬರು ನನ್ನ ಕಡೆ ತಿರುಗಿದರು. "ಏ ಕಾರಕೂನ, ಆ ಗಡಿಗಿ ಬಾಯಿ ಮಣ್ಣು ಒಡಿ. ಕೈ ಹಾಕಿ ತಗಿ, ಒಳಗ ಏನದ ನೋಡೂಣು."

ಕಾಕು ನನ್ನನ್ನೇ ನೋಡಿದಳು. "ಈಗ ಒಡದಿ ಅಂದ್ರ ಹುಳಿ ಹಿಡೀತದ. ಓಣ್ಯಾಗ ನಾಕು ಮಂದಿ ಬಸುರ್ಯಾರಿದ್ದಾರ. ನಿನ್ನ ತಂಗೀನೂ ಹಿಡದು."

ನಾನು ಒಡೆದೆ. ಮೊಣಕೈವರೆಗೆ ಕೈ ಹಾಕಿ ಕದಡಿದೆ. ಸಾಹೇಬರು ಮೂಸಿ ನೋಡಿ, ಅಷ್ಟು ಜನರ ಎದುರು ಮತ್ತೇನೂ ಮಾಡಲಾಗದೆ ಹೊರಟುಹೋದರು.

ಗಡಿಗೆ ಹುಳಿ ಹಿಡಿಯಿತು. ಆ ವರ್ಷ ಯಾವ ಬಾಣಂತಿಗೂ, ನನ್ನ ತಂಗಿಗೂ, ಆಸವ ಸಿಗಲಿಲ್ಲ. ಕಾಕು ಮಾತ್ರ ಆ ಹುಳಿಯನ್ನೇ ಬಾಟಲಿಗೆ ತುಂಬಿ, ಮೇಣ ಹಾಕಿ, ಸಾಹೇಬರಿಗೆ ಕಳಿಸಿದಳು: "ಇದರಾಗ ನಶಾ ಇಲ್ಲ. ಉಪ್ಪಿನಕಾಯಿಗೆ ಹಾಕ್ಕೋರಿ." ನನ್ನ ನೌಕರಿ ಕಾಯಂ ಆಯಿತು.

ಮುಂದಿನ ಸುಗ್ಗಿಗೆ ಹೋದಾಗ ಅವಳು ಹೊಸ ಬಾಟಲಿಗಳಿಗೆ ಬಿರಡೆ ಹಾಕುತ್ತಿದ್ದಳು.

"ತಪ್ಪಾತು ಕಾಕು. ಕ್ಷಮಾ ಮಾಡು."

"ತಪ್ಪಾದ್ದು ಖರೆ," ಎಂದಳು, ತಲೆ ಎತ್ತದೆ. "ಕ್ಷಮಾ ತಗೊಂಡು ಹಗುರಾಗಿ ಬಸ್ ಹತ್ತಬೇಕಂತ ಬಂದೀ. ನಾ ಕೊಡೂದಿಲ್ಲ. ನಿಂದು ನೀನ ಇಟ್ಕೋ." ಮೇಣ ಇನ್ನೂ ಆರದ ಬಾಟಲಿಯೊಂದನ್ನು ನನ್ನತ್ತ ಸರಿಸಿದಳು. "ಇದು ನಿನ್ನ ತಂಗಿಗೆ. ನಿನಗಲ್ಲ."

ಅದೇ ಕೊನೆಯ ಭೇಟಿ. ನನಗೆ ಹುನಗುಂದಕ್ಕೆ ವರ್ಗವಾಯಿತು; ಅವಳು ತೀರಿಕೊಂಡ ಸುದ್ದಿ ಅಲ್ಲಿಗೆ ತಡವಾಗಿ ಬಂತು. ಆಮೇಲೆ ಕೂಡಲಸಂಗಮದಲ್ಲಿ ಎಷ್ಟೋ ಸಲ ಮುಳುಗು ಹಾಕಿದ್ದೇನೆ. ಅವಳು ಕೊಡದ ಕ್ಷಮೆಯನ್ನು ದೇವರ ಹತ್ತಿರ ಕೇಳಲು ಬಾಯಿ ಬಂದಿಲ್ಲ.