ಗಾಜಣ್ಣನ ಉಪಕಾರ

ಗಾಜಣ್ಣನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋಗಿತ್ತು ಅಂದರೆ ತೀರಾ ಸುಳ್ಳಾಗಲಾರದು. ಮೂವತ್ತೆರಡು ವರ್ಷದಿಂದ ಅದೇ ಬೀದಿಯಲ್ಲಿ ಗಾಜು ಕೊಯ್ಯುತ್ತಿದ್ದ. ಬಾಯಿ ಜೋರು, ಕರುಳು ಮೆತ್ತಗೆ. ಬೀದಿಯ ಅಷ್ಟೂ ಕಿಟಕಿಗಳ ಅಗಲ, ಎತ್ತರ ಅವನ ನಾಲಿಗೆಯ ತುದಿಯಲ್ಲಿದ್ದವು. ಸ್ವಂತ ಮಕ್ಕಳು ಹುಟ್ಟಿದ ತಾರೀಕು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದ.

ಎದುರಿಗೇ ಟೈಲರನ ಅಂಗಡಿ. ಕೆಳಗೆ ಹೊಲಿಗೆ ಯಂತ್ರ, ಮೇಲಿನ ಮಹಡಿಯಲ್ಲಿ ಸಂಸಾರ. ಟೈಲರನ ಅಜ್ಜ ದೂರದಿಂದ ಬಂದವನು. ಅವರ ಮನೆಮಾತು ಬೇರೆ, ದೇವರು ಬೇರೆ. ಟೈಲರ್ ಹುಟ್ಟಿದ್ದು ಮಾತ್ರ ಆ ಮಹಡಿಯಲ್ಲೇ. ಇಪ್ಪತ್ತು ವರ್ಷದಿಂದ ಇಬ್ಬರೂ ಬೆಳಗಿನ ಚಹಾ ಒಟ್ಟಿಗೇ ಕುಡಿಯುತ್ತಿದ್ದರು. ಗಾಜಣ್ಣನ ಅಂಗಿಯ ಗುಂಡಿ ಕಿತ್ತರೆ, ಹೊಟ್ಟೆ ಇಳಿಸು ಎಂದು ಬೈದುಕೊಂಡೇ ಟೈಲರ್ ಹಾಕಿಕೊಡುತ್ತಿದ್ದ.

ನಗರದ ಗಾಳಿ ಕೆಟ್ಟ ವರ್ಷ ಅದು. ಬಸ್ಸಿನಲ್ಲಿ ಯಾರೋ ಒಬ್ಬಳ ಮುಖಕ್ಕೆ ಉಗಿದರಂತೆ, ಯಾರದೋ ಪ್ರಾರ್ಥನೆಯ ಮನೆಗೆ ಬೆಂಕಿ ಇಟ್ಟರಂತೆ ಎಂದು ಪೇಪರಿನಲ್ಲಿ ಬರುತ್ತಿತ್ತು. ಅವೆಲ್ಲ ಬೇರೆ ಬೀದಿಯ ಮಾತು ಎಂದುಕೊಂಡಿದ್ದರು. ಒಂದು ಬೆಳಿಗ್ಗೆ ಗಾಜಣ್ಣ ತನ್ನ ಅಂಗಡಿಯ ಬಾಗಿಲು ತೆಗೆಯಲು ಬಂದು ನೋಡುತ್ತಾನೆ, ಟೈಲರನ ದೊಡ್ಡ ಕಿಟಕಿಯ ಒಂದು ಮೂಲೆ ಒಡೆದಿದೆ. ಉಳಿದ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ‘ನಿಮ್ಮೂರಿಗೆ ಹೋಗಿ’ ಎಂದು ಬರೆದಿದೆ. ಕೆಳಗೆ ಇನ್ನೊಂದು ಮಾತಿತ್ತು, ಅದನ್ನು ನಾನು ಬರೆಯುವುದಿಲ್ಲ.

ಅರ್ಧ ಗಂಟೆಯಲ್ಲಿ ಟೈಲರನ ಮಗಳು ಶಾಲೆಗೆಂದು ಇಳಿದು ಬರುತ್ತಾಳೆ. ಗಾಜಣ್ಣನಿಗೆ ಹೊಳೆದದ್ದು ಅದೊಂದೇ. ಒಡಕು ಕಿತ್ತ, ಚೂರು ಗುಡಿಸಿದ, ಹೊಸ ಗಾಜು ಕೊಯ್ದು ಕೂರಿಸಿದ. ಹುಡುಗಿ ಬಂದವಳು ಅದರಲ್ಲೇ ಮುಖ ನೋಡಿಕೊಂಡು ಜಡೆ ಸರಿಮಾಡಿಕೊಂಡು ಹೋದಳು. ಬದುಕಿನಲ್ಲಿ ಇಷ್ಟು ಒಳ್ಳೆಯ ಕೆಲಸ ಮಾಡಿಲ್ಲ ಅನ್ನಿಸಿತು ಅವನಿಗೆ. ವಿಷಯ ಕೇಳಿದ ಟೈಲರ್, ನಮ್ಮೂರು ಅಂದರೆ ಮೇಲಿನ ಮಹಡಿ, ದಿನಾ ರಾತ್ರಿ ಹೋಗುತ್ತೇನಲ್ಲ ಎಂದು ನಕ್ಕ. ಅವನ ಹೆಂಡತಿ ನಗಲಿಲ್ಲ. ಸ್ಟೇಷನ್ನಿಗೆ ಹೋಗಿ ದೂರು ಬರೆಸೋಣ ಅಂದಳು.

“ಕೊಚ್ಚೆಗೆ ಕಲ್ಲು ಹಾಕಿದ್ರೆ ನಮ್ಮ ಮುಖಕ್ಕೇ ಸಿಡಿಯೋದು, ಬಿಡಮ್ಮ,” ಅಂದ ಗಾಜಣ್ಣ. “ನಾನಿದ್ದೀನಲ್ಲ.”

ಒಡಕು ಗಾಜು ಎಂದಿನಂತೆ ಗುಜರಿಗೆ ಹೋಯಿತು.

ಎರಡು ತಿಂಗಳಿಗೆ ಮತ್ತೆ ಅದೇ ಒಡಕು, ಅದೇ ಬಣ್ಣ, ಅದೇ ಮಾತು. ಹೋಗದಿದ್ದರೆ ನೋಡಿಕೊಳ್ಳುತ್ತೇವೆ ಎಂದೂ ಸೇರಿಸಿದ್ದರು. ಗಾಜಣ್ಣ ಮತ್ತೆ ಹುಡುಗಿ ಇಳಿಯುವುದರೊಳಗೆ ಎಲ್ಲ ಚೊಕ್ಕ ಮಾಡಿದ. ಈ ಸಲ ಅದೇ ಅಳತೆಯ ಇನ್ನೊಂದು ಗಾಜನ್ನೂ ಕೊಯ್ದು, ಪೇಪರ್ ಸುತ್ತಿ, ಬೀರುವಿನ ಹಿಂದೆ ಒರಗಿಸಿಟ್ಟ. ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಮೂರನೆಯ ಸಲ ಹಾಡಹಗಲೇ ಬಂದರು. ಬೈಕಿನಲ್ಲಿ ಇಬ್ಬರು, ಕೈಯಲ್ಲಿ ಅರ್ಧ ಇಟ್ಟಿಗೆ. ಟೈಲರ್ ಯಂತ್ರದ ಮೇಲೆ ಬಗ್ಗಿದ್ದವನು ಸದ್ದಿಗೆ ತಲೆ ಎತ್ತಿದ. ಗಾಜಿನ ಚೂರು ಹೊಕ್ಕ ಬಲಗಣ್ಣು ಉಳಿಯುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಸಂಜೆಗೆ ಹೇಳಿದರು.

ಟೈಲರನ ಹೆಂಡತಿ ಅಲ್ಲಿಂದ ನೇರ ಸ್ಟೇಷನ್ನಿಗೆ ನಡೆದಳು. ಹಿಂದೆ ಗಾಜಣ್ಣ. ಅವಳಿಗೆ ಬೇಕಾಗಿದ್ದದ್ದು ಒಂದೇ: ನಡೆದದ್ದನ್ನು ನಡೆದ ಹಾಗೆ ಬರೆದುಕೊಳ್ಳಬೇಕು. ಯಾರೋ ಕುಡುಕರು ಎಸೆದ ಕಲ್ಲಲ್ಲ, ನಾವು ನಾವಾಗಿರುವುದಕ್ಕೇ ಬಿದ್ದ ಕಲ್ಲು ಎಂದು ಬರೆಯಬೇಕು. ಬರೆದುಕೊಳ್ಳುವವನು ಕೆಟ್ಟವನಲ್ಲ, ಕುರ್ಚಿ ಕೊಟ್ಟ, ನೀರು ತರಿಸಿದ. ದ್ವೇಷದ ಕೃತ್ಯ ಎಂದು ಬರೆಯಲು ಬೇರೆ ಕಾಲಂ ಇದೆ, ಅದಕ್ಕೆ ಏನಾದರೂ ಆಧಾರ ಬೇಕು ಅಂದ. ಹಿಂದಿನ ಎರಡು ಸಲ ದೂರು ಕೊಟ್ಟಿದ್ದಿರಾ? ಇಲ್ಲ. ಫೋಟೋ? ಇಲ್ಲ. ಬರೆದಿದ್ದ ಆ ಗಾಜಾದರೂ ಇದೆಯಾ?

ಟೈಲರನ ಹೆಂಡತಿ ಗಾಜಣ್ಣನ ಕಡೆ ತಿರುಗಿದಳು.

“ನಾನೇ ಕಣ್ಣಾರೆ ಕಂಡಿದ್ದೀನಿ ಸ್ವಾಮಿ. ನಾನೇ ತೆಗೆದೆ.”

“ತೆಗೆದು ಏನ್ ಮಾಡಿದ್ರಿ?”

“ಗುಜರಿಗೆ ಹಾಕ್ದೆ. ಮಗು ಓದಬಾರದು ಅಂತ.”

 ಪೊಲೀಸಿನವನು, ಅಪರಿಚಿತರಿಂದ ಕಲ್ಲೆಸೆತ, ಕಾರಣ ತಿಳಿದುಬಂದಿಲ್ಲ ಎಂದು ಬರೆದುಕೊಂಡ.

ಮರುದಿನದ ಪೇಪರಿನಲ್ಲಿ ನಗರದ ಲೆಕ್ಕ ಬಂದಿತ್ತು: ವರದಿಯಾದ ದ್ವೇಷದ ಕೃತ್ಯಗಳು ಹೋದ ವರ್ಷಕ್ಕಿಂತ ಕಡಿಮೆ. ಕಡಿಮೆಯಾಗದೆ ಏನು ಮಾಡುತ್ತವೆ? ಬೀದಿಗೊಬ್ಬ ಗಾಜಣ್ಣ ಪೊರಕೆ ಹಿಡಿದು ನಿಂತಿದ್ದರೆ ಸಾಕು, ಎಂಥ ನಗರವೂ ಚೊಕ್ಕವಾಗಿಯೇ ಕಾಣುತ್ತದೆ. ಅವನು ಆ ಸುದ್ದಿಯನ್ನು ಎರಡು ಸಲ ಓದಿ ಪೇಪರ್ ಮಡಿಸಿಟ್ಟ. ಬೇರೇನು ಮಾಡುವುದೆಂದು ತೋಚದೆ ಬೀರುವಿನ ಹಿಂದಿನ ಗಾಜು ಎತ್ತಿಕೊಂಡು ರಸ್ತೆ ದಾಟಿದ.

ಟೈಲರನ ಹೆಂಡತಿ ಯಂತ್ರದೊಳಗೆ ಸಿಕ್ಕ ಚೂರುಗಳನ್ನು ಸೂಜಿಯಿಂದ ತೆಗೆಯುತ್ತಿದ್ದಳು. ಅವನು ಗಾಜಿನ ಪೇಪರ್ ಬಿಚ್ಚಿದ್ದನ್ನು ನೋಡಿದಳು. ಟೇಪು ಹಿಡಿದು ಬಾಳಿದವಳು, ಅಳತೆ ಅವಳಿಗೂ ಕಣ್ಣಿಗೇ ತಿಳಿಯುತ್ತದೆ.

“ನಿನ್ನೆಯೆಲ್ಲ ನಮ್ಮ ಜೊತೆನೇ ಇದ್ರಲ್ಲ ಅಣ್ಣ. ಇದನ್ನ ಯಾವಾಗ ಕೊಯ್ದ್ರಿ?”

ಸುಳ್ಳು ಹೇಳಬಹುದಿತ್ತು. “ಹೋದ ಸಲವೇ,” ಅಂದ.

ಅವಳು ಗಾಜಿನ ಅಂಚಿನ ಧೂಳನ್ನು ಬೆರಳಿನಿಂದ ಒರೆಸಿದಳು.

“ಹಾಗಾದ್ರೆ ಮತ್ತೆ ಬರ್ತಾರೆ ಅಂತ ನಿಮಗೆ ಗೊತ್ತಿತ್ತು.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಮಗಳನ್ನು ಕರೆದಳು. ಇಬ್ಬರೂ ಸೇರಿ ಯಂತ್ರವನ್ನು ಕಿಟಕಿಯಿಂದ ಹಿಂದಿನ ಗೋಡೆಗೆ ಎಳೆದುಕೊಂಡು ಹೋದರು. “ಹಾಕಿ ಅಣ್ಣ,” ಅಂದಳು ಅಲ್ಲಿಂದ.

ಗಾಜಣ್ಣ ಗಾಜು ಎತ್ತಿ ಕೂರಿಸಿದ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ, ಅಳತೆ ಸರಿಬಂದದ್ದಕ್ಕೆ ಅವನಿಗೆ ಅಳು ಬಂತು.